ನಕ್ಷೆಯ ಕೆಲಸ ಪ್ರಯೋಗಾಲಯದಲ್ಲೇ ಮುಗಿಯಲಿ

ಮಾನ್ಯ ಸಂಪಾದಕರೇ,

ಭೌತವಿಜ್ಞಾನ ಕಲಿಯಲು ಬಂದ ವಿದ್ಯಾರ್ಥಿ ಮೊದಮೊದಲು ಮಾಡುವ ಪ್ರಯೋಗಗಳಲ್ಲಿ, ವೇಗ ಬದಲಾಗದ ಏಕರೂಪ ಚಲನೆಯನ್ನೂ, ವೇಗ ಒಂದೇ ಸಮನೆ ಹೆಚ್ಚುತ್ತ ಹೋಗುವ ಏಕರೂಪ ವೇಗೋತ್ಕರ್ಷದ ಚಲನೆಯನ್ನೂ ಅಳೆದು, ಎರಡಕ್ಕೂ ನಕ್ಷೆ ಬರೆದು ಹೋಲಿಸುವ ಪ್ರಯೋಗವೂ ಒಂದು. ನೋಡಲು ತೀರ ಸಾಮಾನ್ಯವಾದ ಈ ಪ್ರಯೋಗವನ್ನು ಮೂರು ದಶಕಗಳ ಕಾಲ ಮಾಡಿಸಿದ ನನಗೆ, ಅದು ನಡೆಯುವ ರೀತಿಯ ಬಗ್ಗೆ ಒಂದು ತಕರಾರಿದೆ. ಅದನ್ನು ಅಧ್ಯಾಪಕರೂ ಪರೀಕ್ಷಕರೂ ಓದುವ ನಿಮ್ಮ ಪತ್ರಿಕೆಯ ಮುಂದಿಡುವುದು ಸೂಕ್ತವೆಂದು ಈ ಪತ್ರ ಬರೆಯುತ್ತಿದ್ದೇನೆ. ತಕರಾರು ಇಷ್ಟೇ: ಅಳತೆ ಪ್ರಯೋಗಾಲಯದಲ್ಲಿ ನಡೆಯುತ್ತದೆ, ನಕ್ಷೆ ಮನೆಯಲ್ಲಿ ತಯಾರಾಗುತ್ತದೆ. ಎರಡರ ನಡುವೆ ಒಂದು ರಾತ್ರಿಯೋ ಒಂದು ವಾರವೋ ಕಳೆದಿರುತ್ತದೆ.

ಕೋಷ್ಟಕ ತುಂಬಿಸಿಕೊಂಡು ಮನೆಗೆ ಹೋದ ವಿದ್ಯಾರ್ಥಿ ರಾತ್ರಿ ರೆಕಾರ್ಡ್ ಪುಸ್ತಕ ತೆರೆದು ಬಿಂದುಗಳನ್ನು ಗುರುತಿಸುತ್ತಾನೆ. ಐದು ಬಿಂದುಗಳಲ್ಲಿ ನಾಲ್ಕು ಒಂದು ಸಾಲಿನಲ್ಲಿ ನಿಂತು ಐದನೆಯದು ಪಕ್ಕಕ್ಕೆ ಸರಿದು ಕೂತರೆ, ಆ ಹೊತ್ತಿಗೆ ಅವನ ಮುಂದೆ ಪ್ರಯೋಗದ ಓರೆ ಹಲಗೆಯೂ ಇಲ್ಲ, ಅದರ ಮೇಲೆ ಉರುಳಿಸಿದ ಗುಂಡೂ ಇಲ್ಲ, ಇನ್ನೊಮ್ಮೆ ಅಳೆದು ನೋಡುವ ದಾರಿಯೂ ಇಲ್ಲ. ಕೈಯಲ್ಲಿರುವುದು ರಬ್ಬರ್ ಮಾತ್ರ. ದೂರ-ಕಾಲ ನಕ್ಷೆ ಏಕರೂಪ ಚಲನೆಗೆ ಸರಳರೇಖೆಯಾಗಬೇಕು, ವೇಗೋತ್ಕರ್ಷಕ್ಕೆ ಪರವಲಯವಾಗಬೇಕು ಎಂಬುದು ಪುಸ್ತಕದಿಂದ ಅವನಿಗೆ ಮೊದಲೇ ಗೊತ್ತು. ಹಾಗಾಗಿ ಅವನು ಉತ್ತರದಿಂದ ಹಿಂದಕ್ಕೆ ನಡೆದು ಅಳತೆಯನ್ನು ತಿದ್ದುತ್ತಾನೆ. ಇದನ್ನು ವಿದ್ಯಾರ್ಥಿಯ ಅಪ್ರಾಮಾಣಿಕತೆ ಎಂದು ಕರೆದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ಅವನಿಗೆ ಬೇರೆ ದಾರಿಯನ್ನು ನಾವೇ ಉಳಿಸಿಲ್ಲ.

ನಾನೂ ಇದನ್ನೇ ಮಾಡಿದ್ದೇನೆ. ನಾನು ವಿದ್ಯಾರ್ಥಿನಿಯಾಗಿದ್ದಾಗ, 2 ಮೀಟರ್ ಉದ್ದದ ತೋಡುಳ್ಳ ಹಲಗೆಯ ಒಂದು ತುದಿಯನ್ನು 4 ಸೆಂಟಿಮೀಟರ್ ಎತ್ತರಿಸಿ, ಮೇಲಿನಿಂದ ಉಕ್ಕಿನ ಗುಂಡನ್ನು ಬಿಟ್ಟು, ಅದು ಕೆಳಗಿನ ತುದಿ ಮುಟ್ಟುವ ಸಮಯವನ್ನು ಸ್ಟಾಪ್‌ವಾಚ್‌ನಲ್ಲಿ ಅಳೆದಿದ್ದೆ. ಸುಮಾರು 5.15 ಸೆಕೆಂಡು ಬಂತು. ಲೆಕ್ಕ ಹಾಕಿದರೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 0.15 ಮೀಟರ್. ಗುರುತ್ವ ವೇಗೋತ್ಕರ್ಷ 9.8 ಅನ್ನು ಹಲಗೆಯ ಓರೆಯಿಂದ, ಅಂದರೆ 200ಕ್ಕೆ 4ರ ಅನುಪಾತದಿಂದ ಗುಣಿಸಿದರೆ 0.196 ಬರಬೇಕಲ್ಲವೇ ಎಂದು ಪ್ರಯೋಗಾಲಯದ ಮೇಲ್ವಿಚಾರಕರು ನನ್ನ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಮತ್ತೆ ಮಾಡಿ’ ಎಂದು ಬರೆದರು. ನಾನು ಮತ್ತೆ ಮಾಡಲಿಲ್ಲ. ಸಮಯವನ್ನು 4.6 ಸೆಕೆಂಡು ಎಂದು ತಿದ್ದಿ, ಉತ್ತರವನ್ನು 0.19ಕ್ಕೆ ತಂದು, ಪೂರ್ಣ ಅಂಕ ಪಡೆದೆ.

ಆ 0.15 ತಪ್ಪಾಗಿರಲಿಲ್ಲ ಎಂಬುದು ನನಗೆ ತಿಳಿಯಲು ಕೆಲವು ವರ್ಷಗಳೇ ಬೇಕಾದವು. ಗುಂಡು ಹಲಗೆಯ ಮೇಲೆ ಜಾರುವುದಿಲ್ಲ, ಉರುಳುತ್ತದೆ. ಘನಗೋಳವೊಂದು ಜಾರದೆ ಉರುಳುವಾಗ ಅದರ ಚಲನಶಕ್ತಿಯ 7ರಲ್ಲಿ 2 ಪಾಲು ತನ್ನ ಸುತ್ತ ತಾನು ತಿರುಗುವುದಕ್ಕೇ ವ್ಯಯವಾಗುತ್ತದೆ. ಮುಂದಕ್ಕೆ ಸಾಗುವ ಚಲನೆಗೆ ಉಳಿಯುವುದು 5 ಪಾಲು ಮಾತ್ರ. ಆದ್ದರಿಂದ ವೇಗೋತ್ಕರ್ಷವೂ 0.196ರ 7ರಲ್ಲಿ 5 ಪಾಲು, ಅಂದರೆ 0.14 ಆಗಬೇಕು. ಗುಂಡು ಅಗಲವಾದ ತೋಡಿನ ಎರಡು ಅಂಚುಗಳ ಮೇಲೆ ಕೂತು ಉರುಳಿದರೆ ಈ ಪಾಲು ಇನ್ನಷ್ಟು ಕಡಿಮೆಯಾಗುತ್ತದೆ. ನನ್ನ 0.15ರಲ್ಲಿ ಹೆಚ್ಚಾಗಿ ಉಳಿದ 0.01 ಎಲ್ಲಿಂದ ಬಂತೆಂಬುದನ್ನು ಮುಂದೆ ಹೇಳುತ್ತೇನೆ. ಅಂದು ಹಲಗೆಯ ಪಕ್ಕದಲ್ಲೇ ನಿಂತು ನಕ್ಷೆ ಬರೆದಿದ್ದರೆ, ಬಿಂದುಗಳೆಲ್ಲ ಒಂದೇ ಕ್ರಮಕ್ಕೆ ಬದ್ಧವಾಗಿ ಬೀಳುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು, ಮತ್ತು ಇಷ್ಟು ಕ್ರಮಬದ್ಧವಾದದ್ದು ಬರೀ ಕೈತಪ್ಪಾಗಿರಲಾರದು ಎಂಬ ಅನುಮಾನವಾದರೂ ಹುಟ್ಟುತ್ತಿತ್ತು.

ಸಮಯದ ಅಂತರ ನಿಜಕ್ಕೂ ಅಷ್ಟು ಮುಖ್ಯವೇ ಎಂದು ಕೇಳುವವರಿಗಾಗಿ ಒಂದು ಅಧ್ಯಯನವನ್ನು ನೆನಪಿಸುತ್ತೇನೆ. ಹೆದರ್ ಬ್ರಾಸೆಲ್ ಎಂಬ ಸಂಶೋಧಕಿ 1987ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ, ಚಲನೆ ನಡೆಯುತ್ತಿರುವಾಗಲೇ ಕಂಪ್ಯೂಟರಿನ ಪರದೆಯ ಮೇಲೆ ನಕ್ಷೆ ಮೂಡುವುದನ್ನು ಕಂಡ ವಿದ್ಯಾರ್ಥಿಗಳ ಗುಂಪೊಂದಿತ್ತು. ಅದೇ ನಕ್ಷೆಯನ್ನು, ಚಲನೆ ಮುಗಿದು ಸುಮಾರು 20 ಸೆಕೆಂಡುಗಳಾದ ಮೇಲೆ ಕಂಡ ಗುಂಪು ಇನ್ನೊಂದಿತ್ತು. ದೂರ-ಕಾಲ ನಕ್ಷೆಯನ್ನು ಅರ್ಥೈಸುವುದರಲ್ಲಿ ಮೊದಲ ಗುಂಪು ಗಳಿಸಿದ ಪ್ರಯೋಜನದ ಬಹುಪಾಲು ಎರಡನೆಯ ಗುಂಪಿಗೆ ದಕ್ಕಲಿಲ್ಲ. 20 ಸೆಕೆಂಡುಗಳ ವಿಳಂಬಕ್ಕೇ ಹೀಗಾದರೆ, ಒಂದು ವಾರದ ವಿಳಂಬದ ಬಗ್ಗೆ ಏನು ಹೇಳುವುದು?

ಕೈಯಲ್ಲಿ ನಕ್ಷೆ ಬರೆಯುವಾಗ ಅಷ್ಟು ವೇಗ ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಒಬ್ಬರು ಗುಂಡು ಬಿಡುತ್ತ, ಇನ್ನೊಬ್ಬರು ಸಮಯವನ್ನು ಗಟ್ಟಿಯಾಗಿ ಓದುತ್ತ, ಮೂರನೆಯವರು ಆ ರೀಡಿಂಗ್ ಕಿವಿಗೆ ಬಿದ್ದ ಕೂಡಲೇ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್‌ನಿಂದ ಚುಕ್ಕಿ ಇಡುತ್ತ ಹೋಗುವುದು ಖಂಡಿತ ಸಾಧ್ಯ. ಈ ಕ್ರಮದ ದೊಡ್ಡ ಲಾಭವೆಂದರೆ, ಒಂದು ಚುಕ್ಕಿ ಅಡ್ಡದಾರಿ ಹಿಡಿದರೆ ಆ ಕ್ಷಣವೇ ಗೊತ್ತಾಗುತ್ತದೆ ಮತ್ತು ಗುಂಡು ಇನ್ನೂ ಕೈಯಲ್ಲೇ ಇರುತ್ತದೆ. ಅದೇ ದೂರಕ್ಕೆ ಮತ್ತೆ ಮೂರು ಸಲ ಅಳೆಯಬಹುದು. ಮೂರು ಸಲವೂ ಹೊಸ ಚುಕ್ಕಿಗಳು ಸಾಲಿಗೆ ಬಂದು ನಿಂತರೆ ಮೊದಲನೆಯದು ಕೈತಪ್ಪು. ಮೂರು ಸಲವೂ ಅಲ್ಲೇ ಬಿದ್ದರೆ ಹಲಗೆ ಆ ಜಾಗದಲ್ಲಿ ಬಾಗಿದೆ. ಹಲಗೆ ನಡುವೆ ಕೊಂಚ ಬಾಗಿರುವುದನ್ನು ನನ್ನ ವಿದ್ಯಾರ್ಥಿಗಳು ಹೀಗೆ ಒಂದಕ್ಕಿಂತ ಹೆಚ್ಚು ಸಲ ಪತ್ತೆಹಚ್ಚಿದ್ದರು, ನಾನು ಅಳತೆಪಟ್ಟಿ ಇಟ್ಟು ನೋಡುವುದಕ್ಕೆ ಮುಂಚೆಯೇ.

ಇನ್ನು ಆ 0.01ರ ಕಥೆ. ನಕ್ಷೆ ಎಂದರೆ ಕೋಷ್ಟಕಕ್ಕೆ ತೊಡಿಸುವ ಅಲಂಕಾರವಲ್ಲ, ಸೂತ್ರಕ್ಕೆ ಹಾಕಿ ಸರಾಸರಿ ತೆಗೆಯುವುದಕ್ಕಿಂತ ಹೆಚ್ಚಿನದನ್ನು ಕಾಣಿಸುವ ಸಾಧನ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲವಾದ್ದರಿಂದ, ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಅನುಮತಿ ಬೇಡುತ್ತೇನೆ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಗುಂಡನ್ನು ಬೇರೊಬ್ಬರು ಬಿಟ್ಟಾಗ, ಅದು ಹೊರಟದ್ದನ್ನು ಕಂಡು ನಾವು ಸ್ಟಾಪ್‌ವಾಚ್ ಒತ್ತುವಷ್ಟರಲ್ಲಿ ಇಷ್ಟು ತಡವಾಗಿರುತ್ತದೆ. ಆದರೆ ಗುಂಡು ಕೆಳಗಿನ ಗುರುತಿನ ಕಡೆಗೆ ಬರುತ್ತಿರುವುದು ದೂರದಿಂದಲೇ ಕಾಣುವುದರಿಂದ, ಬೆರಳು ಮೊದಲೇ ಸಿದ್ಧವಾಗಿದ್ದು, ಗಡಿಯಾರವನ್ನು ಹೆಚ್ಚುಕಡಿಮೆ ಸರಿಯಾದ ಕ್ಷಣದಲ್ಲೇ ನಿಲ್ಲಿಸುತ್ತದೆ. ಆರಂಭದ ತಪ್ಪು ಉಳಿಯುತ್ತದೆ, ಕೊನೆಯ ತಪ್ಪು ಅದನ್ನು ಸರಿದೂಗಿಸುವುದಿಲ್ಲ. ಅಳೆದ ಸಮಯಗಳೆಲ್ಲವೂ 0.2 ಸೆಕೆಂಡಿನಷ್ಟು ಕಡಿಮೆ ಬರುತ್ತವೆ.

ಅದೇ ಹಲಗೆಯ ಮೇಲೆ 20, 80 ಮತ್ತು 180 ಸೆಂಟಿಮೀಟರ್ ದೂರಗಳನ್ನು ತೆಗೆದುಕೊಳ್ಳೋಣ. ವೇಗೋತ್ಕರ್ಷ 0.14 ಆಗಿದ್ದರೆ ನಿಜವಾದ ಸಮಯಗಳು 1.69, 3.38 ಮತ್ತು 5.07 ಸೆಕೆಂಡು, ದೂರಗಳು 1, 4, 9ರ ಅನುಪಾತದಲ್ಲಿರುವುದರಿಂದ ಸಮಯಗಳು 1, 2, 3ರ ಅನುಪಾತದಲ್ಲಿವೆ. ಬೆರಳು ತಡಮಾಡಿದ್ದರಿಂದ ಕೋಷ್ಟಕದಲ್ಲಿ ಬರುವುದು 1.49, 3.18 ಮತ್ತು 4.87. ಈಗ ದೂರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸುವ ಸೂತ್ರಕ್ಕೆ ಒಂದೊಂದನ್ನೇ ಹಾಕಿದರೆ, ವೇಗೋತ್ಕರ್ಷ ಕ್ರಮವಾಗಿ 0.18, 0.158, 0.152 ಎಂದು ಬರುತ್ತದೆ. ಇದನ್ನು ನೋಡಿದ ವಿದ್ಯಾರ್ಥಿ, ದೂರ ಹೆಚ್ಚಿದಂತೆ ವೇಗೋತ್ಕರ್ಷ ಕುಗ್ಗುತ್ತಿದೆ, ಇದಕ್ಕೆ ಘರ್ಷಣೆ ಕಾರಣ ಎಂದು ಬರೆಯುತ್ತಾನೆ. ಪಾಪದ ಘರ್ಷಣೆ! ಪ್ರಯೋಗಾಲಯದಲ್ಲಿ ಯಾರದೇ ತಪ್ಪಿಗೂ ಹೊಣೆ ಹೊರುವುದು ಅದರ ಪಾಲಿಗೆ ಬಂದಿದೆ. ಮೂರರ ಸರಾಸರಿ ತೆಗೆದರೆ 0.163, ನಿಜವಾದ ಬೆಲೆಗಿಂತ ಶೇಕಡ 16ಕ್ಕೂ ಹೆಚ್ಚು ಮೇಲೆ. ಹತ್ತು ಸಲ ಅಳೆದರೂ ನೂರು ಸಲ ಅಳೆದರೂ ಈ ಸರಾಸರಿ ಕೆಳಗಿಳಿಯದು, ಏಕೆಂದರೆ ತಪ್ಪು ಎರಡೂ ಕಡೆಗೆ ಚೆದುರಿಲ್ಲ, ಒಂದೇ ಕಡೆಗೆ ವಾಲಿದೆ.

ಇದೇ ಅಂಕಿಗಳನ್ನು ನಕ್ಷೆಗೆ ಕೊಟ್ಟು ನೋಡಿ. ಅಡ್ಡ ಅಕ್ಷದಲ್ಲಿ ಅಳೆದ ಸಮಯವನ್ನೂ ಲಂಬ ಅಕ್ಷದಲ್ಲಿ ದೂರದ ವರ್ಗಮೂಲವನ್ನೂ ತೆಗೆದುಕೊಂಡರೆ, ಮೂರು ಬಿಂದುಗಳೂ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ, ಏಕೆಂದರೆ ತಡವಾದ 0.2 ಸೆಕೆಂಡು ಎಲ್ಲ ಬಿಂದುಗಳನ್ನೂ ಒಂದೇ ಪ್ರಮಾಣದಲ್ಲಿ ಎಡಕ್ಕೆ ಸರಿಸಿದೆಯೇ ಹೊರತು ರೇಖೆಯ ಓರೆಯನ್ನು ಬದಲಿಸಿಲ್ಲ. ಆ ಓರೆಯನ್ನು ವರ್ಗ ಮಾಡಿ ಎರಡರಿಂದ ಗುಣಿಸಿದರೆ 0.14 ಬರುತ್ತದೆ. ಇನ್ನೂ ಸೊಗಸಿನ ಸಂಗತಿಯೆಂದರೆ, ರೇಖೆ ಮೂಲಬಿಂದುವಿನ ಮೂಲಕ ಹಾದುಹೋಗುವುದಿಲ್ಲ. ಅದನ್ನು ಹಿಂದಕ್ಕೆ ಎಳೆದರೆ ಅಡ್ಡ ಅಕ್ಷವನ್ನು ಸೊನ್ನೆಯ ಎಡಕ್ಕೆ 0.2 ಸೆಕೆಂಡಿನಲ್ಲಿ ಕಡಿಯುತ್ತದೆ. ಅಂದರೆ, ವಿದ್ಯಾರ್ಥಿ ಗುಂಡಿನ ವೇಗೋತ್ಕರ್ಷವನ್ನು ಅಳೆಯಲು ಹೊರಟು ತನ್ನದೇ ಬೆರಳಿನ ವಿಳಂಬವನ್ನೂ ಅಳೆದುಬಿಟ್ಟಿದ್ದಾನೆ. ‘ರೇಖೆ ಮೂಲಬಿಂದುವಿನಿಂದಲೇ ಹೊರಡಬೇಕು’ ಎಂದು ಗದರಿಸಿ ಅವನಿಂದ ಅದನ್ನು ಸೊನ್ನೆಗೆ ಎಳೆಸುವ ಅಧ್ಯಾಪಕರು ಈ ಸಂತೋಷವನ್ನು ಕಸಿದುಕೊಳ್ಳುತ್ತಿದ್ದಾರೆ. ನನ್ನ ವಿದ್ಯಾರ್ಥಿದೆಸೆಯ 0.15ರಲ್ಲಿ ಹೆಚ್ಚಾಗಿದ್ದ 0.01 ಹೀಗೆ ನನ್ನ ಬೆರಳಿನದೇ ಆಗಿತ್ತು.

ಹಲಗೆಯನ್ನು 4 ಸೆಂಟಿಮೀಟರಿನ ಬದಲು 40 ಸೆಂಟಿಮೀಟರ್ ಎತ್ತರಿಸಿದರೆ ಪ್ರಯೋಗ ಬೇಗ ಮುಗಿಯುತ್ತದೆ ಎಂದು ಭಾವಿಸುವವರಿದ್ದಾರೆ. ಬೇಗ ಮುಗಿಯುವುದೇನೋ ಹೌದು, 2 ಮೀಟರಿಗೆ ಸುಮಾರು 1.7 ಸೆಕೆಂಡು, ಆದರೆ ಅದರಲ್ಲಿ 0.2 ಸೆಕೆಂಡಿನ ತಪ್ಪೆಂದರೆ ಶೇಕಡ 12, ಮತ್ತು ಸಮಯದ ವರ್ಗ ತೆಗೆಯುವುದರಿಂದ ವೇಗೋತ್ಕರ್ಷದಲ್ಲಿ ಅದು ಎರಡರಷ್ಟಕ್ಕಿಂತಲೂ ಹೆಚ್ಚಾಗುತ್ತದೆ. ಓರೆ ಕಡಿಮೆಯಿದ್ದಷ್ಟೂ ಒಳ್ಳೆಯದು. ಗೆಲಿಲಿಯೋ ನೇರವಾಗಿ ಬೀಳುವ ವಸ್ತುವನ್ನು ಬಿಟ್ಟು ಓರೆ ಹಲಗೆಯನ್ನು ಹಿಡಿದದ್ದು ಇದೇ ಕಾರಣಕ್ಕೆ. 1638ರಲ್ಲಿ ಲೈಡನ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಆತ ಆ ಪ್ರಯೋಗವನ್ನು ವಿವರಿಸಿದ್ದಾನೆ: ಮರದ ತೊಲೆಯಲ್ಲಿ ಕೊರೆದು ನುಣುಪುಗೊಳಿಸಿ ಚರ್ಮಪತ್ರ ಅಂಟಿಸಿದ ತೋಡು, ಅದರಲ್ಲಿ ಉರುಳುವ ಕಂಚಿನ ಗುಂಡು, ಸಮಯಕ್ಕಾಗಿ ಪಾತ್ರೆಯ ಸಣ್ಣ ಕೊಳವೆಯಿಂದ ಸುರಿಯುವ ನೀರು. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ತಕ್ಕಡಿಯಲ್ಲಿ ತೂಗಿ ಆತ ಸಮಯಗಳ ಅನುಪಾತ ಕಂಡುಕೊಂಡ. ಅದೇ ಗೆಲಿಲಿಯೋ 1604ರ ಪತ್ರವೊಂದರಲ್ಲಿ, ಬೀಳುವ ವಸ್ತುವಿನ ವೇಗ ಅದು ಕ್ರಮಿಸಿದ ದೂರಕ್ಕೆ ಅನುಪಾತದಲ್ಲಿರುತ್ತದೆ ಎಂದು ತಪ್ಪಾಗಿ ಬರೆದಿದ್ದ. ಕಾಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಆಮೇಲೆ ಹೊಳೆದದ್ದು. ನಮ್ಮ ವಿದ್ಯಾರ್ಥಿಗಳೂ ಮೊದಲ ದಿನ ಇದೇ ತಪ್ಪು ಹೇಳುತ್ತಾರೆ, ಮತ್ತು ಅವರನ್ನು ನೋಡಿ ನಕ್ಕ ಅಧ್ಯಾಪಕರನ್ನೂ ನಾನು ಕಂಡಿದ್ದೇನೆ.

ನನ್ನ ಎರಡನೆಯ ಮಾತು ಹೋಲಿಕೆಯ ಬಗ್ಗೆ. ಏಕರೂಪ ಚಲನೆಯ ಪ್ರಯೋಗ ಒಂದು ವಾರ, ವೇಗೋತ್ಕರ್ಷದ್ದು ಇನ್ನೊಂದು ವಾರ, ನಕ್ಷೆಗಳು ಬೇರೆ ಬೇರೆ ಹಾಳೆಗಳಲ್ಲಿ, ಅಕ್ಷಗಳ ಪ್ರಮಾಣವೂ ಬೇರೆ ಬೇರೆ. ಕೊನೆಗೆ ‘ಎರಡನ್ನೂ ಹೋಲಿಸಿ’ ಎಂಬ ಪ್ರಶ್ನೆಗೆ ಪುಸ್ತಕದ ನಾಲ್ಕು ಸಾಲು. ಇದು ಹೋಲಿಕೆಯೇ ಅಲ್ಲ. ಎರಡೂ ಚಲನೆಗಳು ಒಂದೇ ಹಾಳೆಯ ಮೇಲೆ, ಒಂದೇ ಅಕ್ಷಗಳಿಗೆ, ಒಂದೇ ದಿನ ಬರಬೇಕು. ಸೆಕೆಂಡಿಗೆ 0.35 ಮೀಟರ್ ವೇಗದಲ್ಲಿ ನಡೆಯುವಂತೆ ಹೊಂದಿಸಿದ ಬ್ಯಾಟರಿ ಬಂಡಿಯೊಂದನ್ನು ನಮ್ಮ ಹಲಗೆಯ ಪಕ್ಕದಲ್ಲೇ ಓಡಿಸಿ, ಅದು ಆರಂಭದ ಗೆರೆ ದಾಟುವ ಕ್ಷಣದಲ್ಲೇ ಗುಂಡನ್ನು ಬಿಟ್ಟರೆ, ಬಂಡಿ ಮೊದಲು ಮುಂದೆ ಹೋಗುತ್ತದೆ; 5 ಸೆಕೆಂಡಾಗುವಾಗ, 1.75 ಮೀಟರ್ ದೂರದಲ್ಲಿ, ಗುಂಡು ಅದನ್ನು ಹಿಡಿಯುತ್ತದೆ. ದೂರ-ಕಾಲ ನಕ್ಷೆಯಲ್ಲಿ ಸರಳರೇಖೆಯನ್ನು ವಕ್ರರೇಖೆ ಕೂಡುವುದು ಅಲ್ಲಿಯೇ.

ಈ ಕೂಡುವ ಬಿಂದುವಿನಲ್ಲಿ ಎರಡರ ವೇಗ ಸಮವೇ ಎಂದು ಕೇಳಿ ನೋಡಿ. ತರಗತಿಯ ಬಹುಪಾಲು ಕೈಗಳು ‘ಹೌದು’ ಎಂದು ಮೇಲೇಳುತ್ತವೆ. ಅಲ್ಲಿ ಸಮವಾಗಿರುವುದು ಸ್ಥಾನ, ವೇಗವಲ್ಲ. ಆ ಕ್ಷಣದಲ್ಲಿ ಗುಂಡಿನ ವೇಗ 0.7, ಬಂಡಿಯ ಸರಿಯಾಗಿ ಎರಡರಷ್ಟು. ವೇಗಗಳು ಸಮವಾದದ್ದು ಅದಕ್ಕೂ ಮುಂಚೆ, ನಡುಹೊತ್ತಿನಲ್ಲಿ, 2.5 ಸೆಕೆಂಡಿಗೆ, ವಕ್ರರೇಖೆಗೆ ಅಲ್ಲಿ ಸ್ಪರ್ಶಕ ಎಳೆದರೆ ಅದು ಬಂಡಿಯ ಸರಳರೇಖೆಗೆ ಸಮಾಂತರವಾಗಿರುತ್ತದೆ, ಮತ್ತು ಎರಡರ ನಡುವಿನ ಅಂತರ ಅತಿ ಹೆಚ್ಚಾಗಿರುವುದೂ ಅಲ್ಲಿಯೇ. ಸ್ಪರ್ಶಕ ಎಂಬ ಪದಕ್ಕೆ ವ್ಯಾಖ್ಯೆ ಬಾಯಿಪಾಠ ಮಾಡಿಸುವುದಕ್ಕಿಂತ, ಅಳತೆಪಟ್ಟಿಯೊಂದನ್ನು ಬಂಡಿಯ ರೇಖೆಗೆ ಸಮಾಂತರವಾಗಿ ಸರಿಸುತ್ತ ವಕ್ರರೇಖೆಯನ್ನು ಒಂದೇ ಕಡೆ ಮುಟ್ಟುವಂತೆ ಇಡಿಸುವುದು ಎಷ್ಟೋ ಮೇಲು.

ಅದೇ ಚಲನೆಗಳ ವೇಗ-ಕಾಲ ನಕ್ಷೆಯನ್ನು ಕೆಳಗೆ ಬರೆದರೆ, ಬಂಡಿಯದು ಅಡ್ಡರೇಖೆ, ಗುಂಡಿನದು ಮೂಲಬಿಂದುವಿನಿಂದ ಏರುವ ಓರೆರೇಖೆ. 5 ಸೆಕೆಂಡಿನವರೆಗೆ ಅಡ್ಡರೇಖೆಯ ಕೆಳಗೆ ಒಂದು ಆಯತ, ಓರೆರೇಖೆಯ ಕೆಳಗೆ ಒಂದು ತ್ರಿಭುಜ. ಎರಡರ ವಿಸ್ತೀರ್ಣವೂ 1.75. ಆಯತದಿಂದ ಹೊರಗೆ ಚಾಚಿದ ತ್ರಿಭುಜದ ತುದಿಯನ್ನು ಕತ್ತರಿಸಿ ತಿರುಗಿಸಿದರೆ ಎಡಗಡೆಯ ಖಾಲಿ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಈ ಚಿತ್ರ ಗೆಲಿಲಿಯೋಗಿಂತಲೂ ಹಳೆಯದು. ಏಕಪ್ರಕಾರವಾಗಿ ಹೆಚ್ಚುವ ವೇಗದ ಪರಿಣಾಮ ಅದರ ನಡುಹೊತ್ತಿನ ವೇಗದ ಪರಿಣಾಮಕ್ಕೆ ಸಮ ಎಂಬ ನಿಯಮವನ್ನು 14ನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು ಹೇಳಿದ್ದರು; ಅದೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಅದನ್ನು ಇಂಥದೇ ಆಯತ-ತ್ರಿಭುಜಗಳ ಚಿತ್ರದಿಂದ ಸಾಧಿಸಿ ತೋರಿಸಿದ. ಅವರು ಯಾರೂ ಗುಂಡನ್ನು ಉರುಳಿಸಿ ನೋಡಿದವರಲ್ಲ. ಚಿತ್ರ ಮೊದಲು, ಅಳತೆ ಸುಮಾರು ಎರಡೂವರೆ ಶತಮಾನಗಳ ಅನಂತರ. ಇತಿಹಾಸದಲ್ಲಿ ನಡೆದ ಆ ವಿಳಂಬವನ್ನು ನಾವು ಪ್ರಯೋಗಾಲಯದಲ್ಲಿ ತಿರುವುಮುರುವು ಮಾಡಿ ಉಳಿಸಿಕೊಂಡಿದ್ದೇವೆ.

ಏಕರೂಪ ಚಲನೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದು ಸುಲಭದ್ದು ಎಂಬ ಭಾವನೆ ಬಲವಾಗಿದೆ. ಪುಸ್ತಕದಲ್ಲಿ ಸುಲಭ, ಮೇಜಿನ ಮೇಲೆ ಕಷ್ಟ. ಸಮತಟ್ಟಾದ ಹಲಗೆಯ ಮೇಲೆ ತಳ್ಳಿದ ಗುಂಡು ನಿಧಾನವಾಗುತ್ತಲೇ ಹೋಗುತ್ತದೆ. ಹಲಗೆಗೆ ಘರ್ಷಣೆಯನ್ನು ಸರಿದೂಗಿಸುವಷ್ಟು ಮಾತ್ರ ಓರೆ ಕೊಟ್ಟರೆ ವೇಗ ಹೆಚ್ಚುಕಡಿಮೆ ಸ್ಥಿರವಾಗುತ್ತದೆ, ಆದರೆ ಆ ಓರೆಯನ್ನು ಕಂಡುಕೊಳ್ಳುವುದೇ ಅರ್ಧ ಗಂಟೆಯ ಕೆಲಸ. ನನ್ನ ಅನುಭವದಲ್ಲಿ ಇದಕ್ಕೆ ಅತ್ಯುತ್ತಮವಾದದ್ದು ನೀರು ತುಂಬಿ ಎರಡೂ ತುದಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ಬಿಟ್ಟ ಒಂದು ಗಾಳಿಗುಳ್ಳೆ. ಕೊಳವೆಯನ್ನು ಓರೆಯಾಗಿ ಹಿಡಿದರೆ ಗುಳ್ಳೆ ಬಹುಬೇಗ ಸ್ಥಿರವೇಗಕ್ಕೆ ಬಂದು, ಮೇಲಿನ ತುದಿಯವರೆಗೂ ಅದೇ ವೇಗದಲ್ಲಿ ಸಾಗುತ್ತದೆ. 10 ಸೆಂಟಿಮೀಟರಿಗೊಂದು ಗುರುತಿಟ್ಟು ಸಮಯ ಅಳೆದರೆ ಬರುವ ಸರಳರೇಖೆ ಯಾವ ರಬ್ಬರಿನ ಸಹಾಯವೂ ಇಲ್ಲದೆ ಸರಳವಾಗಿರುತ್ತದೆ. ಕೊಳವೆಯನ್ನು ನೆಟ್ಟಗೆ ಮಾಡುತ್ತ ಹೋದಂತೆ ಗುಳ್ಳೆಯ ವೇಗ ಏರುತ್ತಲೇ ಹೋಗುತ್ತದೆಂದು ಎಲ್ಲರೂ ಊಹಿಸುತ್ತಾರೆ. ಹಾಗಾಗುವುದಿಲ್ಲ, ಒಂದು ಕೋನದವರೆಗೆ ಏರಿ ಅನಂತರ ಇಳಿಯುತ್ತದೆ. ಪುಸ್ತಕದಲ್ಲಿ ಉತ್ತರ ಸಿಗದ ಇಂಥ ಪ್ರಶ್ನೆಯೊಂದು ಎದುರಿಗಿದ್ದಾಗ ವಿದ್ಯಾರ್ಥಿಗಳು ಅಳತೆಯನ್ನು ತಿದ್ದಲು ಹೋಗುವುದಿಲ್ಲ ಎಂಬುದನ್ನು ಗಮನಿಸಿದ್ದೇನೆ. ಯಾವ ಉತ್ತರಕ್ಕೆ ತಕ್ಕಂತೆ ತಿದ್ದುವುದು?

ಟಿಕರ್ ಟೇಪಿನ ಉಪಕರಣ ಈಗ ಅನೇಕ ಕಡೆ ಕಪಾಟು ಸೇರಿದೆ. ಅದು ನನಗೆ ಬೇಸರದ ಸಂಗತಿ. ಬಂಡಿಗೆ ಕಟ್ಟಿದ ಕಾಗದದ ಪಟ್ಟಿಯ ಮೇಲೆ ಸೆಕೆಂಡಿಗೆ 50 ಚುಕ್ಕಿಗಳಂತೆ ಬೀಳುವಾಗ, ಐದು ಅಂತರಗಳೆಂದರೆ 0.1 ಸೆಕೆಂಡು, ಐದೈದು ಅಂತರಗಳಿಗೆ ಪಟ್ಟಿಯನ್ನು ಕತ್ತರಿಸಿ ಪಕ್ಕಪಕ್ಕದಲ್ಲಿ ಅಂಟಿಸಿದರೆ ಅದೇ ವೇಗ-ಕಾಲ ನಕ್ಷೆ. ಏಕರೂಪ ಚಲನೆಯ ತುಂಡುಗಳು ಸಮನಾಗಿ ನಿಲ್ಲುತ್ತವೆ, ವೇಗೋತ್ಕರ್ಷದ ತುಂಡುಗಳು ಮೆಟ್ಟಿಲಿನಂತೆ ಏರುತ್ತವೆ. ಒಂದೊಂದು ಮೆಟ್ಟಿಲೂ 0.8 ಸೆಂಟಿಮೀಟರ್ ಏರಿದರೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 80 ಸೆಂಟಿಮೀಟರ್. ಇಲ್ಲಿ ನಕ್ಷೆಯನ್ನು ಬರೆಯುವ ಪ್ರಶ್ನೆಯೇ ಇಲ್ಲ. ಚಲನೆಯೇ ಅದನ್ನು ಬರೆದುಕೊಟ್ಟಿರುತ್ತದೆ, ನಾವು ಕತ್ತರಿಸಿ ಅಂಟಿಸುತ್ತೇವೆ ಅಷ್ಟೆ.

ಭಾಷೆಯ ಕಡೆಯಿಂದ ಬರುವ ಒಂದು ತೊಡಕನ್ನೂ ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಪಠ್ಯಗಳಲ್ಲಿ ನಕ್ಷೆಯ ಓರೆಗೆ ‘ಇಳಿಜಾರು’ ಎಂಬ ಪದ ರೂಢಿಯಲ್ಲಿದೆ. ಮೇಲಕ್ಕೆ ಏರುವ ರೇಖೆಯನ್ನು ತೋರಿಸಿ ‘ಇದರ ಇಳಿಜಾರು ಕಂಡುಹಿಡಿಯಿರಿ’ ಎಂದರೆ ಮಗು ತಬ್ಬಿಬ್ಬಾಗುವುದು ಸಹಜ. ಅದರಲ್ಲೂ ಪ್ರಯೋಗವೇ ಇಳಿಜಾರಿನ ಹಲಗೆಯದಾದಾಗ, ಹಲಗೆಯ ಇಳಿಜಾರೋ ನಕ್ಷೆಯ ಇಳಿಜಾರೋ ಎಂಬ ಗೊಂದಲ ಬೇರೆ. ಕೆಲವರು ಪ್ರವಣತೆ ಎನ್ನುತ್ತಾರೆ, ಅದು ಮಕ್ಕಳಿಗೆ ದೂರದ ಮಾತು. ನಾನು ತರಗತಿಯಲ್ಲಿ ‘ಓರೆ’ ಎಂದೇ ಹೇಳುತ್ತಿದ್ದೆ, ಈ ಪತ್ರದಲ್ಲೂ ಹಾಗೆಯೇ ಬರೆದಿದ್ದೇನೆ. ಇದರ ಜೊತೆಗೆ, ನಕ್ಷೆಯನ್ನು ದಾರಿಯ ಚಿತ್ರವೆಂದು ತಿಳಿಯುವ ತಪ್ಪು ಎಲ್ಲ ಭಾಷೆಗಳ ಮಕ್ಕಳಲ್ಲೂ ಇದೆ. 1994ರಲ್ಲಿ ರಾಬರ್ಟ್ ಬೈಕ್ನರ್ ಎಂಬ ಅಮೆರಿಕದ ಸಂಶೋಧಕರು ಚಲನೆಯ ನಕ್ಷೆಗಳ ಕುರಿತ ಪರೀಕ್ಷೆಯೊಂದನ್ನು ರೂಪಿಸಿ ಪ್ರಕಟಿಸಿದಾಗ ಪಟ್ಟಿಮಾಡಿದ ತಪ್ಪುಗಳಲ್ಲಿ ಇದೂ ಒಂದು, ರೇಖೆಯ ಎತ್ತರವನ್ನೂ ಓರೆಯನ್ನೂ ಒಂದೆಂದು ತಿಳಿಯುವುದು ಇನ್ನೊಂದು. ಗುಂಡು ಕೆಳಗೆ ಇಳಿಯುತ್ತಿರುವಾಗ ನಕ್ಷೆ ಮೇಲಕ್ಕೆ ಏರುವುದನ್ನು ತನ್ನ ಕೈಯಾರೆ, ಚುಕ್ಕಿ ಚುಕ್ಕಿಯಾಗಿ, ಆ ಗುಂಡಿನ ಎದುರಿನಲ್ಲೇ ಬರೆದ ವಿದ್ಯಾರ್ಥಿ ಈ ತಪ್ಪನ್ನು ಮಾಡುವುದು ಅಪರೂಪ.

ಮೊಬೈಲ್ ಫೋನಿನ ವಿಡಿಯೋ ಮತ್ತು ಚಲನೆಯ ಸೆನ್ಸರ್‌ಗಳು ಇರುವಾಗ ಈ ಹಳೆಯ ಹಲಗೆ, ಪೆನ್ಸಿಲ್ ಏಕೆ ಎಂಬ ಆಕ್ಷೇಪವನ್ನು ನಿರೀಕ್ಷಿಸುತ್ತೇನೆ. ನಾನು ಅವುಗಳ ವಿರೋಧಿಯಲ್ಲ. ಬ್ರಾಸೆಲ್ ಅವರ ಅಧ್ಯಯನವೇ ಕಂಪ್ಯೂಟರಿನ ಪರವಾಗಿದೆ. ಸೆಕೆಂಡಿಗೆ 30 ಚಿತ್ರಗಳ ವಿಡಿಯೋದಲ್ಲಿ ಬೆರಳಿನ ವಿಳಂಬದ ತೊಂದರೆಯೇ ಇಲ್ಲ. ಆದರೆ ಕ್ಯಾಮೆರಾ ಹಲಗೆಗೆ ಲಂಬವಾಗಿಲ್ಲದಿದ್ದರೆ ದೂರಗಳು ಕುಗ್ಗಿಯೋ ಹಿಗ್ಗಿಯೋ ಕಾಣುತ್ತವೆ, ಮತ್ತು ಏಕರೂಪ ಚಲನೆಯೂ ವೇಗೋತ್ಕರ್ಷದಂತೆ ತೋರಬಹುದು. ತಂತ್ರಾಂಶ ಎಳೆದುಕೊಟ್ಟ ರೇಖೆಯನ್ನು ಪ್ರಶ್ನಿಸುವ ಅಭ್ಯಾಸ ಯಾರಿಗಿರುತ್ತದೆ? ಮೊದಲು ಕೈಯಲ್ಲಿ ಒಂದು ನಕ್ಷೆ, ಅನಂತರ ಬೇಕಾದಷ್ಟು ತಂತ್ರಾಂಶ.

ಸಮಯವಿಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಎರಡು ಗಂಟೆಯ ಅವಧಿಯಲ್ಲಿ ಉಪಕರಣ ಹೊಂದಿಸಿ, ಅಳೆದು, ನಕ್ಷೆಯನ್ನೂ ಮುಗಿಸುವುದು ಕಷ್ಟವೇ. ಇದಕ್ಕೆ ನನ್ನ ಉತ್ತರ ಎರಡು. ಒಂದನೆಯದು, ವರ್ಷದ ಪ್ರಯೋಗಗಳ ಸಂಖ್ಯೆಯನ್ನು ಕಡಿಮೆ ಮಾಡಿ. ಎರಡನೆಯದು, ಪ್ರಯೋಗಾಲಯದ ನಕ್ಷೆ ಅಂದವಾಗಿರಬೇಕೆಂಬ ಹಟ ಬಿಡಿ. ಒಂದು ಚೌಕಕ್ಕೆ 3 ಅಥವಾ 7ರಂತಹ ತೊಡಕಿನ ಪ್ರಮಾಣ ತೆಗೆದುಕೊಳ್ಳದಿರುವುದು, ಅಕ್ಷಗಳಿಗೆ ಹೆಸರು ಮತ್ತು ಮಾನ ಬರೆಯುವುದು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಜೋಡಿಸದೆ ಎಲ್ಲವುಗಳ ನಡುವೆ ಹಾದುಹೋಗುವ ಒಂದೇ ರೇಖೆ ಎಳೆಯುವುದು, ಓರೆ ಕಂಡುಹಿಡಿಯಲು ಸಾಧ್ಯವಾದಷ್ಟು ದೊಡ್ಡ ತ್ರಿಭುಜ ತೆಗೆದುಕೊಳ್ಳುವುದು: ಇಷ್ಟಿದ್ದರೆ ಸಾಕು. ಬಣ್ಣದ ಪೆನ್ನು, ಅಂಚಿನ ಗೆರೆ, ಎರಡು ಸಲ ಅಡಿಗೆರೆ ಎಳೆದ ಶೀರ್ಷಿಕೆ ಇವು ಯಾವುವೂ ಭೌತವಿಜ್ಞಾನವಲ್ಲ.

ಆದ್ದರಿಂದ ಪರೀಕ್ಷಾ ನಿಯಮಗಳನ್ನು ರೂಪಿಸುವವರಲ್ಲಿ ನನ್ನ ಬಿನ್ನಹವಿಷ್ಟು. ಈ ಪ್ರಯೋಗದ ನಕ್ಷೆಗೆ ಪ್ರಯೋಗಾಲಯದಿಂದ ಹೊರಡುವ ಮುನ್ನವೇ ಅಧ್ಯಾಪಕರ ಸಹಿ ಬೀಳಬೇಕು. ಮನೆಯಲ್ಲಿ ಮಾಡಿದ ಶುದ್ಧಪ್ರತಿಗೆ ಅಂಕವಿರಬಾರದು. ತಪ್ಪೆಂದು ಬಿಟ್ಟ ಚುಕ್ಕಿಯನ್ನು ಅಳಿಸದೆ ಸುತ್ತು ಹಾಕಿ, ಏಕೆ ಬಿಟ್ಟೆವೆಂದು ಪಕ್ಕದಲ್ಲಿ ಒಂದು ಸಾಲು ಬರೆಯುವ ಪದ್ಧತಿ ಕಡ್ಡಾಯವಾಗಬೇಕು. ಸಿಕ್ಕ ಉತ್ತರ ನಿರೀಕ್ಷೆಗೆ ಹತ್ತಿರವಿದೆಯೇ ಎಂಬುದಕ್ಕೆ ಮೀಸಲಾದ ಅಂಕಗಳನ್ನು, ಸಿಕ್ಕ ಉತ್ತರ ಮತ್ತು ನಿರೀಕ್ಷೆಯ ನಡುವಿನ ವ್ಯತ್ಯಾಸಕ್ಕೆ ವಿದ್ಯಾರ್ಥಿ ಕೊಡುವ ಕಾರಣಕ್ಕೆ ವರ್ಗಾಯಿಸಬೇಕು. ಮತ್ತು ‘ಘರ್ಷಣೆ’ ಎಂಬ ಒಂದೇ ಪದದ ಕಾರಣಕ್ಕೆ, ಅದು ಎಷ್ಟು, ಯಾವ ದಿಕ್ಕಿಗೆ ಉತ್ತರವನ್ನು ತಳ್ಳುತ್ತದೆ ಎಂದು ಹೇಳದ ಹೊರತು, ಅಂಕ ಕೊಡಬಾರದು. ಗುಂಡು ಉರುಳುವ ಪ್ರಯೋಗದಲ್ಲಿ ನಿರೀಕ್ಷಿತ ಬೆಲೆಯನ್ನು ಜಾರುವ ವಸ್ತುವಿನ ಸೂತ್ರದಿಂದ ತೆಗೆಯುವ ಪ್ರಯೋಗ ಕೈಪಿಡಿಗಳು ಎಲ್ಲಾದರೂ ಇನ್ನೂ ಬಳಕೆಯಲ್ಲಿದ್ದರೆ, ಮುಂದಿನ ಮುದ್ರಣದಲ್ಲಿ ಆ 7ರಲ್ಲಿ 5ರ ಪಾಲನ್ನು ದಯವಿಟ್ಟು ಸೇರಿಸಲಿ.

ಇಂತಿ ತಮ್ಮ ವಿಶ್ವಾಸಿ,
ಭೌತವಿಜ್ಞಾನದ ನಿವೃತ್ತ ಉಪನ್ಯಾಸಕಿ